ಅಲ್ಲಾಡಿಸಬಾರದ ಕೀಗೊಂಚಲು

ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬುದು ನನ್ನ ಜೀವನದ ಮೂಲಭೂತ ಪ್ರಶ್ನೆ. ಹೊಸಹಳ್ಳಿ ಮೆಟ್ರೋ ಮೆಟ್ಟಿಲಿನಿಂದ ನಾನು ವಾಪಸು ಓಡುವುದನ್ನು ಕಂಡು ಸೆಕ್ಯೂರಿಟಿಯವನು ಈಗ ನಗುವುದನ್ನೂ ಬಿಟ್ಟಿದ್ದಾನೆ. ಹಾಕಿದ್ದೇನೆ ಎಂದು ನನಗೆ ನಾನೇ ಸಾಕ್ಷಿ ಹೇಳಿಕೊಳ್ಳಲು ಬ್ಯಾಗಿನೊಳಗಿನ ಕೀಗೊಂಚಲನ್ನು ಆಗಾಗ ಅಲ್ಲಾಡಿಸುತ್ತಿರುತ್ತೇನೆ.

ಕೆಂಗೇರಿ ಆಚೆ, ಪೊಲೀಸರು ಬಿಡಿಸಿ ತಂದ ಹುಡುಗಿಯರನ್ನು ಕೇಸು ಮುಗಿಯುವತನಕ ಇಟ್ಟುಕೊಳ್ಳುವ ಸರ್ಕಾರಿ ನಿಲಯವೊಂದರಲ್ಲಿ ಶನಿವಾರ ಕನ್ನಡ ಪಾಠ ಹೇಳುತ್ತೇನೆ. ಹದಿನಾರರ ಒಬ್ಬಳು ಎಸ್ಸೆಸ್ಸೆಲ್ಸಿ ಬರೆಯಬೇಕಿತ್ತು. ಆದರೆ ಪಾಠದ ನಡುವೆ ದಿಢೀರನೆ ಎದ್ದು ಓಡಿ ಗೋಡೆಗಂಟಿ ಕೂರುತ್ತಿದ್ದಳು. ಪರೀಕ್ಷೆಯಲ್ಲಿ ಮೂರು ಗಂಟೆ ಕೂರುವುದು ಹೇಗೆ? ನನ್ನ ಪಾಠವೇ ಅಷ್ಟು ಘೋರವೇನೋ ಎಂದು ನಾನು ವಾರವಿಡೀ ಹಳಗನ್ನಡಕ್ಕೆ ಸುಲಭದ ಟಿಪ್ಪಣಿ ಬರೆದೆ.

ಅಲ್ಲಿನ ಕೌನ್ಸೆಲರ್ ನನ್ನ ಅರ್ಧ ವಯಸ್ಸಿನವಳು. ಒಂದು ಶನಿವಾರ ಪಾಠಕ್ಕೆ ಬಂದು ಕೂತಳು. ಹುಡುಗಿ ಓಡಿದಾಗ ಹಿಡಿಯಲಿಲ್ಲ, ‘ಯಾಕೆ’ ಎನ್ನಲಿಲ್ಲ. ಎರಡು ಮಾರು ದೂರದಲ್ಲಿ ನೆಲದ ಮೇಲೆ ಕೂತು, "ನಾನಿಲ್ಲೇ ಇದೀನಿ. ಬಾಗಿಲು ತೆಗ್ದೇ ಇದೆ" ಎಂದಳು. ಆಮೇಲೆ ಆ ಹುಡುಗಿಯ ಉಸಿರು ಹದಕ್ಕೆ ಬರುವವರೆಗೆ, ಅರ್ಧ ಗಂಟೆ, ಸುಮ್ಮನಿದ್ದಳು. ನಾನು ಅರ್ಧ ನಿಮಿಷವೂ ಸುಮ್ಮನಿದ್ದವಳಲ್ಲ. ದೇವಸ್ಥಾನದಲ್ಲೂ ಅಂಥ ಮೌನ ಕಂಡಿರಲಿಲ್ಲ.

ಹೊರಗೆ ಬಂದ ಮೇಲೆ, "ಮೇಡಂ, ನಿಮ್ಮ ಪಾಠ ಅಲ್ಲ, ನಿಮ್ಮ ಕೀ" ಎಂದಳು. "ಆ ಸದ್ದು ಕೇಳಿದ್ರೆ ಅವಳಿಗೆ ಹಳೇದೆಲ್ಲ ಮತ್ತೆ ಬರುತ್ತೆ. ಏನು ಅಂತ ಹೇಳೋದಿದ್ರೆ ಅವಳೇ ಹೇಳ್ಬೇಕು."

"ಇನ್ಮೇಲೆ ಮನೇಲೇ ಬಿಟ್ಟು ಬೀಗ ಹಾಕ್ಕೊಂಡ್ ಬರ್ತೀನಿ" ಎಂದೆ. ಅವಳು ದೊಡ್ಡ ಮನಸ್ಸು ಮಾಡಿ ನಗಲಿಲ್ಲ.

"ಏನ್ ಮಾಡೋಣ ಅಂತ ಅವಳನ್ನೇ ಕೇಳಿ."

ಮುಂದಿನ ವಾರ ಗೊಂಚಲನ್ನು ಮುಷ್ಟಿಯಲ್ಲಿ ಅದುಮಿಕೊಂಡು ಹೋಗಿ ಕೇಳಿದೆ. ಮುಷ್ಟಿ ಬಿಚ್ಚಿದಾಗ ಹುಡುಗಿ ಬಗ್ಗಿ ಎಣಿಸಿದಳು.

"ಇಷ್ಟೊಂದಾ? ಜೈಲು ನಮ್ದಾ ನಿಮ್ದಾ ಆಂಟಿ?"

ಆಮೇಲೆ ಕೈ ಚಾಚಿದಳು. ಒಂದೊಂದೇ ಕೀಯನ್ನು ದುಪಟ್ಟಾದ ತುದಿಯಲ್ಲಿ ಸುತ್ತಿ ಗಂಟು ಹಾಕಿ ಮಡಿಲಲ್ಲಿಟ್ಟುಕೊಂಡಳು. ಪಾಠ ಮುಗಿಯುವವರೆಗೆ ಏಳಲಿಲ್ಲ. ಪ್ರತಿ ಶನಿವಾರ ಹಾಗೆಯೇ ಆಯಿತು.

ಕನ್ನಡ ಪರೀಕ್ಷೆಯ ದಿನ ಕೌನ್ಸೆಲರ್ ಓಡಾಡಿ ಅವಳಿಗೆ ಬಾಗಿಲ ಬಳಿಯ ಜಾಗ ಕೊಡಿಸಿದ್ದಳು. ನಾನು ಗೇಟಿನ ಹೊರಗೆ ಉಗುರು ಕಚ್ಚುತ್ತ ನಿಂತಿದ್ದೆ. ಕೊನೆಯ ಗಂಟೆ ಹೊಡೆದ ಮೇಲೆ ಬಂದಳು.

"ಪೂರ್ತಿ ಕೂತೆ ಆಂಟಿ. ರೂಮಲ್ಲಿ ಕಾಯ್ತಿದ್ದ ಸಾರೂ ನಿಮ್ ಥರಾನೇ. ಕೀ ಅಲ್ಲಾಡಿಸ್ತಾನೇ ಇದ್ರು."

ಕಚ್ಚುತ್ತಿದ್ದ ಉಗುರು ಬಿಟ್ಟೆ. "ಆಮೇಲೆ?"

"ಕೈ ಎತ್ತಿದೆ. ಸಾರ್, ಅದನ್ನ ಜೇಬಲ್ಲಿಟ್ಕೊಳಿ ಅಂದೆ. ಇಟ್ಕೊಂಡ್ರು."

ಈ ವಯಸ್ಸಿನವರೆಗೆ ನಾನು ಯಾರಿಗೂ ಅಷ್ಟು ನೇರವಾಗಿ ಏನನ್ನೂ ಹೇಳಿಲ್ಲ.