ಕೆರೆಯ ಸುತ್ತಳತೆ

ಬೇಗೂರಿನ ಆಚೆ ಒಂದು ಕೆರೆಗೆ ಬೇಲಿ ಹಾಕಬೇಕಿತ್ತು. ದಡದ ಉದ್ದ ಅಳೆಯುವ ಕೆಲಸ ಸರ್ವೇಯರ್ ಆದ ನನಗೆ ಬಂತು. ಚಿಕ್ಕ ಟೇಪು ಹಿಡಿದು, ದಡದ ಒಂದೊಂದು ತಿರುವಿಗೂ ಬಗ್ಗಿ ಅಳೆದೆ. ಎರಡು ಕಿಲೋಮೀಟರ್ ಬಂತು.

ಬೇಲಿಯ ಉಸ್ತುವಾರಿ ನೋಡುತ್ತಿದ್ದ ಎಂಜಿನಿಯರು ಹುಬ್ಬು ಗಂಟಿಕ್ಕಿದರು. "ಎಸ್ಟಿಮೇಟಲ್ಲಿ ಒಂದೂವರೆ ಇದೆ ಕಣ್ರೀ. ಕೆರೆ ಏನ್ ಬೆಳೀತಾ?"

"ಟೇಪು ಚಿಕ್ಕದಾದಷ್ಟೂ ತಿರುವು ಜಾಸ್ತಿ ಸಿಗುತ್ತೆ ಸಾರ್. ಉದ್ದಾನೂ ಜಾಸ್ತಿ ಆಗುತ್ತೆ."

"ಹಂಗಾದ್ರೆ ದೊಡ್ಡ ಟೇಪ್ ಹಿಡೀರಿ."

ಹಿಡಿದೆ. ನೀರೊಳಕ್ಕೆ ಚಾಚಿದ ಒಂದು ಮೂಲೆಯಿಂದ ಇನ್ನೊಂದಕ್ಕೆ ನೇರ ಗೆರೆ ಎಳೆದೆ. ಸರಿಯಾಗಿ ಒಂದೂವರೆ ಬಂತು. ಬೇಲಿಯೂ ಹಾಗೇ ನೆಟ್ಟಗೆ ಎದ್ದಿತು. ತಿರುವುಗಳೆಲ್ಲ ನೀರಿನ ಸಮೇತ ಹೊರಗೆ ಉಳಿದವು.

ಅಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಮುನಿಯಮ್ಮ ಮೊಣಕಾಲುದ್ದ ನೀರಲ್ಲಿ ನಿಂತು ಕೇಳಿದರು: "ಕೆರೆ ಬೇಲಿ ಒಳಗೈತೆ ಅಂತೀರ. ಅಂಗಾರೆ ನಾನ್ ನಿಂತಿರೋದು ಎಲ್ಲಿ ಸಾರ್?"

ನಾನು ಟೇಪು ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ.

ಮರುವರ್ಷ ಆ ನೀರಿಗೆ ಲಾರಿಗಟ್ಟಲೆ ಮಣ್ಣು ಬಿತ್ತು. ನೆಲ ಗಟ್ಟಿಯಾದ ಮೇಲೆ ಅದೇ ಎಂಜಿನಿಯರು ಫೋನ್ ಮಾಡಿದರು. "ಕೆರೆ ಬೇಲಿಗೂ ಹಳೇ ದಡಕ್ಕೂ ಮಧ್ಯ ನಮ್ ಭಾವಮೈದಂದು ಒಂದು ಸೈಟಿದೆ, ಅಳೆದುಕೊಡಿ. ಚಿಕ್ಕ ಟೇಪೇ ತನ್ನಿ. ದಡದ ಒಂದ್ ತಿರುವೂ ಬಿಟ್ಟುಹೋಗಬಾರದು."

ಟೇಪು ಬೇಕಾಗಲಿಲ್ಲ. ಮೊದಲ ದಿನ ಅಳೆದು ಬರೆದ ಪುಸ್ತಕ ನನ್ನ ಬಳಿಯೇ ಇತ್ತು. ನಕಲು ಮಾಡಿ ಕೊಟ್ಟೆ.