ಚಿಕ್ಕೋಡಿಯಲ್ಲಿ ನಾನು ಮಾಡಿದ ಭಾಷಣ

ಶಿಕ್ಷಕರ ದಿನ ಬಂತೆಂದರೆ ನಮ್ಮ ಶಾಲೆಯ ಭಾಷಣ ಸ್ಪರ್ಧೆಗೆ ನಿರ್ಣಾಯಕಿ ನಾನೇ. ಕಾಗವಾಡದ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ, ಬಾಯಿ ಜೋರು, ಹೀಗಾಗಿ ಆ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ‘ನಾನು ಮೆಚ್ಚಿದ ಶಿಕ್ಷಕರು’ ಎಂಬ ವಿಷಯ ಕೊಟ್ಟರೆ ಮಕ್ಕಳು ಏನು ಹೇಳುತ್ತಾರೆಂಬುದು ನನಗೆ ಬಾಯಿಪಾಠ. ನಗಿಸುವವರು, ಹೊಡೆಯದವರು, ಆಟಕ್ಕೆ ಬೇಗ ಬಿಡುವವರು. ಹೋದ ವರ್ಷ ಒಬ್ಬ ಹುಡುಗಿ ನನ್ನ ಹೆಸರನ್ನೇ ಹೇಳಿಬಿಟ್ಟಳು. ಪಕ್ಕದಲ್ಲಿದ್ದ ಸಹೋದ್ಯೋಗಿ ನನ್ನ ಮೊಣಕೈ ತಿವಿದು ನಕ್ಕರು. ನನಗೆ ನಗು ಬರಲಿಲ್ಲ. ಅವಳು ಹೇಳುತ್ತಿದ್ದ ಒಳ್ಳೆಯ ಕೆಲಸಗಳಲ್ಲಿ ಎಷ್ಟು ನನ್ನವು, ಎಷ್ಟು ಬೇರೆಯವರವು ಎಂದು ಯೋಚಿಸುತ್ತ ಕುಳಿತಿದ್ದೆ. ಈ ರೋಗ ನನಗೆ ಹತ್ತಿದ್ದು ಹತ್ತನೇ ಇಯತ್ತೆಯಲ್ಲಿ.

ನಮ್ಮೂರು ರಾಯಬಾಗ ತಾಲೂಕಿನದು, ಮುಗಳಖೋಡದಿಂದ ಬಹಳ ದೂರವಿಲ್ಲ. ಅರ್ಧ ಜನ ಊರೊಳಗೆ, ಇನ್ನರ್ಧ ತಂತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡವರು. ನಾವು ತೋಟದ ಮನೆಯವರು. ಹೈಸ್ಕೂಲಿನಿಂದ ನಮ್ಮ ಮನೆಗೆ ಮುಕ್ಕಾಲು ಗಂಟೆಯ ನಡಿಗೆ, ಹಾದಿಯ ಎರಡೂ ಬದಿಗೆ ಕಬ್ಬು. ದೀಪಾವಳಿಯ ಹೊತ್ತಿಗೆ ಅದು ಆಳೆತ್ತರ ದಾಟಿ ನಿಂತಿರುತ್ತದೆ. ಒಳಗೆ ಯಾರು ನಿಂತಿದ್ದಾರೆ, ಯಾರಿಲ್ಲ, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳ ಓದು ಆ ದಿನಗಳಲ್ಲೇ ನಿಂತುಹೋಗುತ್ತಿತ್ತು, ಕಾರಣ ಕೇಳಿದರೆ ಯಾರೂ ಕಬ್ಬಿನ ಹೆಸರು ಹೇಳುತ್ತಿರಲಿಲ್ಲ.

ನಾನು ಒಂಬತ್ತನೆಯಲ್ಲಿದ್ದಾಗ ಒಂದು ಸಂಜೆ ನನಗೂ ಪಕ್ಕದ ತೋಟದ ಗೆಳತಿಗೂ ಕಬ್ಬಿನೊಳಗಿಂದ ಸಿಳ್ಳು ಕೇಳಿಸಿತು. ಓಡಿದೆವು. ಮನೆ ಮುಟ್ಟುವಾಗ ಇಬ್ಬರ ಕಾಲಲ್ಲೂ ಚಪ್ಪಲಿ ಇರಲಿಲ್ಲ. ಅಪ್ಪ ಬೈಯಲಿಲ್ಲ, ಗದರಲಿಲ್ಲ. “ಸಾಲಿ ಸಾಕು ಇನ್ನ” ಎಂದು ಹೇಳಿ ನೀರು ಹಾಯಿಸಲು ಹೋದರು. ಅಪ್ಪ ಹಾಗೆ ಮೆಲ್ಲಗೆ ಹೇಳಿದ್ದು ಯಾವತ್ತೂ ಬದಲಾಗುತ್ತಿರಲಿಲ್ಲ.

ನಾಲ್ಕನೆಯ ದಿನ ನಮ್ಮ ಅಂಗಳಕ್ಕೆ ಕನ್ನಡ ಮಾಸ್ತರರು ಬಂದರು. ಇವರ ಬಗ್ಗೆ ಸ್ವಲ್ಪ ಹೇಳಬೇಕು. ನಮಗೆ ಯಾರಿಗೂ ಅವರೆಂದರೆ ಆಗುತ್ತಿರಲಿಲ್ಲ. ಮೆತ್ತಗಿನ ದನಿ, ಉದ್ದನೆಯ ಪಾಠ, ಉತ್ತರ ತಪ್ಪಿದರೆ ಹತ್ತು ಸಲ ಬರೆಸುವ ಹಟ. ನಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಅವರ ಪಿರಿಯಡ್ ಬಂದರೆ ಹಿಂದಿನ ಬೆಂಚಿನವರು ತಲೆನೋವು ಎಂದು ಹೊರಗೆ ಹೋಗುತ್ತಿದ್ದರು. ಅಂಥವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಅಪ್ಪನ ಮುಂದೆ ನಿಂತು, “ಕಬ್ಬು ಕಡಿಯೂತನಾ ಈ ಹುಡಿಗ್ಯಾರ್ನ ದಿನಾ ಸಂಜಿಮುಂದ ನಾ ಮನಿ ಮುಟ್ಟಸ್ತೀನ್ರಿ. ಸಾಲಿ ಬಿಡಿಸಬ್ಯಾಡ್ರಿ” ಎಂದರು. ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ಕಬ್ಬಿನ ಹಾದಿಯನ್ನು ನೋಡಿದರು. ಆಮೇಲೆ ಅವರಿಗೆ ಚಹಾ ಮಾಡಲು ಅವ್ವನಿಗೆ ಹೇಳಿದರು.

ಮಾಸ್ತರರ ಮನೆ ಇದ್ದದ್ದು ಊರಿನ ಆ ತುದಿಗೆ, ನಮ್ಮ ತೋಟಕ್ಕೆ ಪೂರಾ ಉಲ್ಟಾ ದಿಕ್ಕು. ಆದರೂ ಮೂರು ತಿಂಗಳು, ಒಂದು ದಿನ ತಪ್ಪದೆ, ಸೈಕಲ್ ದೂಡಿಕೊಂಡು ನಮ್ಮ ಹಿಂದೆ ನಡೆದರು. ಸುಮ್ಮನೆ ನಡೆಯಲು ಬಿಡುತ್ತಿರಲಿಲ್ಲ. ಮಗ್ಗಿ, ಪದ್ಯ, ಪಾಠದ ಪ್ಯಾರಾಗಳು, ಎಲ್ಲವನ್ನೂ ಗಟ್ಟಿಯಾಗಿ ಹೇಳಿಸುತ್ತಿದ್ದರು. “ಇನ್ನಷ್ಟು ಜೋರಾಗಿ. ಕಬ್ಬಿನ್ಯಾಗ ಯಾವನರ ಇದ್ರ ಅವಗೂ ಕೇಳಬೇಕು.” ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ನಾನೇ ಗೆಳತಿಗಿಂತ ಮೇಲಿನ ದನಿ ತೆಗೆಯಲು ಶುರುಮಾಡಿದೆ. ಸಾಲಿನ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಶಬ್ದ ಒತ್ತಿ ಹೇಳಬೇಕು ಎಂಬುದನ್ನು ಅವರು ಆ ಹಾದಿಯಲ್ಲೇ ಕಲಿಸಿದರು. ಸಂಕ್ರಾಂತಿ ದಾಟಿದ ಮೇಲೆ ಕಬ್ಬು ಕಡಿಯುವ ಗ್ಯಾಂಗ್ ಬಂತು, ಹೊಲ ಬಯಲಾಯಿತು, ಮಾಸ್ತರರು ಬರುವುದು ನಿಂತಿತು. ನಾವು ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಪೀಡೆ ಕಳೆಯಿತು ಎಂದು ಇಬ್ಬರೂ ನಕ್ಕೆವು.

ಅದೇ ವರ್ಷ ಶಾಲೆಗೆ ಹೊಸ ವಿಜ್ಞಾನದ ಸರ್ ಬಂದಿದ್ದರು. ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ. ಕೆಂಪು ಮೋಟರ್‌ಸೈಕಲ್, ಇಸ್ತ್ರಿ ಮಾಡಿದ ಅಂಗಿ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಜೋಕು ಹೇಳಿದರೆ ಇಡೀ ವರ್ಗ ಬಿದ್ದು ಬಿದ್ದು ನಗುತ್ತಿತ್ತು. ಹುಡುಗರೊಂದಿಗೆ ಕ್ರಿಕೆಟ್ ಆಡುತ್ತಿದ್ದರು, ನಮ್ಮೆಲ್ಲರ ಹೆಸರು ನೆನಪಿಟ್ಟುಕೊಳ್ಳುತ್ತಿದ್ದರು. ಕೆಟ್ಟವರಲ್ಲ, ಪಾಪ. ಹದಿನೈದು ವರ್ಷದ ಕಣ್ಣಿಗೆ ಒಬ್ಬ ದೊಡ್ಡ ಗುರು ಹೇಗಿರಬೇಕೋ ಹಾಗೇ ಇದ್ದರು.

ಹತ್ತನೆಯಲ್ಲಿ ಚಿಕ್ಕೋಡಿಯಲ್ಲಿ ಭಾಷಣ ಸ್ಪರ್ಧೆ ಇಟ್ಟರು, ವಿಷಯ ‘ನಾನು ಕಂಡ ಶ್ರೇಷ್ಠ ಶಿಕ್ಷಕ’. ದನಿ ಇದ್ದವಳು ನಾನೇ ಆದ್ದರಿಂದ ನನ್ನನ್ನು ಆರಿಸಿದರು. ಯಾರ ಬಗ್ಗೆ ಮಾತಾಡಬೇಕು ಎಂಬ ಪ್ರಶ್ನೆಯೇ ಬರಲಿಲ್ಲ. ಇಡೀ ವರ್ಗ ವಿಜ್ಞಾನದ ಸರ್ ಹೆಸರು ಹೇಳಿತು, ನಾನೂ ಹೂಂ ಎಂದೆ. ಕನ್ನಡ ಮಾಸ್ತರರ ನೆನಪು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಭಾಷಣ ತಿದ್ದಿಕೊಡುವವರು ಅವರೇ, ಅವರ ಬಗ್ಗೆಯೇ ಬರೆದರೆ ಮಸ್ಕಾ ಹೊಡೆದಂತೆ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗಿನ ಮಾತು ಬೇರೆ ಇತ್ತು. ಅವರ ಹೆಸರು ಹೇಳಿದರೆ ಗೆಳತಿಯರು ನಗುತ್ತಾರೆಂಬ ಹೆದರಿಕೆ.

ಬರೆಯಲು ಕುಳಿತರೆ ವಿಜ್ಞಾನದ ಸರ್ ಬಗ್ಗೆ ಅರ್ಧ ಪುಟಕ್ಕಿಂತ ಮುಂದೆ ಹೋಗಲಿಲ್ಲ. ಜೋಕು ಬರೆದೆ, ಕ್ರಿಕೆಟ್ ಬರೆದೆ, ಮುಗಿಯಿತು. ನಿರ್ಣಾಯಕರಿಗೆ ಮನಸ್ಸು ಕರಗುವ ಒಂದು ಘಟನೆ ಬೇಕು. ನನ್ನ ಹತ್ತಿರ ಇದ್ದದ್ದು ಒಂದೇ ಘಟನೆ. ಅದನ್ನು ಎತ್ತಿ ವಿಜ್ಞಾನದ ಸರ್ ಹೆಸರಿಗೆ ಬರೆದೆ. ಅಪ್ಪನ ಮಾತು, ಅಂಗಳ, ಕಬ್ಬು, ಮೂರು ತಿಂಗಳು, ಗಟ್ಟಿ ದನಿಯ ಪದ್ಯ, ಎಲ್ಲವನ್ನೂ.

ಮಾರನೆಯ ದಿನ ಅದನ್ನು ತಿದ್ದಲು ಕನ್ನಡ ಮಾಸ್ತರರ ಕೈಗೇ ಕೊಟ್ಟೆ. ಎಂಥ ಧೈರ್ಯ ಅದು, ಈಗಲೂ ನನಗೆ ತಿಳಿಯುವುದಿಲ್ಲ. ಬಹುಶಃ ಧೈರ್ಯವಲ್ಲ, ಅವರಿಗೆ ನೋವಾಗಬಹುದೆಂಬ ಯೋಚನೆಯೇ ಇರಲಿಲ್ಲ. ಮಾಸ್ತರರಿಗೂ ನೋವಾಗುತ್ತದೆಂದು ಆ ವಯಸ್ಸಿಗೆ ಯಾರು ತಿಳಿದಿರುತ್ತಾರೆ. ಸ್ಟಾಫ್ ರೂಮಿನಲ್ಲಿ ಅವರು ಕೆಂಪು ಪೆನ್ನು ಹಿಡಿದು ಓದುತ್ತ ಹೋದರು. ಎರಡನೇ ಪುಟಕ್ಕೆ ಬಂದಾಗ ಪೆನ್ನು ನಿಂತಿತು. ನಾನು ಗೋಡೆಯ ಮೇಲಿನ ನಕಾಶೆ ನೋಡುತ್ತ ನಿಂತೆ. ಅವರು ಒಂದು ಸಲ ಮುಖ ಎತ್ತಿ ನನ್ನನ್ನು ನೋಡಿದರು.

“ಇಲ್ಲಿ ಸೈಕಲ್ ಅಂತ ಬರದಿ. ಅವರದು ಮೋಟರ್‌ಸೈಕಲ್ ಐತೆಲ್ಲ. ಗೊತ್ತಿದ್ದವರು ಕೇಳಿದ್ರ ನಂಬೂದಿಲ್ಲ” ಎಂದರು. ಸೈಕಲ್ ಎಂಬ ಶಬ್ದ ಹೊಡೆದು ಹಾಕಿ, ಅದರ ಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ ಮೋಟರ್‌ಸೈಕಲ್ ಎಂದು ಬರೆದರು. ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. ಮುಂದೆ ಎಂಟು ದಿನ ಶಾಲೆ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಆ ಭಾಷಣ ಹೇಳಿಸಿದರು. ಅಂಗಳದ ಪ್ರಸಂಗ ಬಂದಾಗ ದನಿ ಎಷ್ಟು ಇಳಿಸಬೇಕು ಎಂಬುದನ್ನೂ ಅವರೇ ತೋರಿಸಿಕೊಟ್ಟರು.

ಚಿಕ್ಕೋಡಿಯಲ್ಲಿ ಮೊದಲ ಬಹುಮಾನ ಬಂತು. ಅಪ್ಪ ಬಂದಿರಲಿಲ್ಲ, ಅವರಿಗೆ ಹೊಲದ ಕೆಲಸ. ಮರುದಿನ ಶಾಲೆಯ ಪ್ರಾರ್ಥನೆಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಿಸಿದರು. ವಿಜ್ಞಾನದ ಸರ್ ಆಮೇಲೆ ನನ್ನನ್ನು ಕರೆದು, “ಏನ ಬೇ, ಎಲ್ಲಿದು ಎಲ್ಲಿ ತಂದು ಜೋಡಿಸಿದಿ” ಎಂದು ನಕ್ಕರು. ಗೆಳತಿ ಮಾತ್ರ ನನ್ನ ರಟ್ಟೆ ಚಿವುಟಿ, “ಹೀಂಗ ಸುಳ್ಳ ಹೇಳೂದಾ?” ಎಂದು ಕೇಳಿದಳು. “ಭಾಷಣದಾಗ ಹಂಗ ನಡೀತೈತಿ” ಎಂದೆ. ಭಾಷಣ ಆ ವರ್ಷದ ಶಾಲೆಯ ಸಂಚಿಕೆಯಲ್ಲೂ ಅಚ್ಚಾಯಿತು.

ಇಷ್ಟು ವರ್ಷಗಳ ಮೇಲೆ, ಮೊನ್ನೆಯ ಬೇಸಿಗೆ ರಜೆಯಲ್ಲಿ, ನಮ್ಮ ಬ್ಯಾಚಿನವರು ವಾಟ್ಸಾಪ್ ಗ್ರೂಪ್ ಮಾಡಿಕೊಂಡು ಹಾರೂಗೇರಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಗುರುವಂದನೆ ಇಟ್ಟರು. ನಿರೂಪಣೆ ನನಗೇ ಬಂತು. ಈ ಸಲ ಹೇಳಿಯೇಬಿಡಬೇಕು ಎಂದು ನಿಶ್ಚಯ ಮಾಡಿದ್ದೆ. ಮಾಸ್ತರರನ್ನು ಸನ್ಮಾನಕ್ಕೆ ಕರೆಯುವಾಗ ಏನೇನು ಹೇಳಬೇಕೆಂದು ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಈಚೆಗೆ ಅವರ ಹೆಂಡತಿ ತೀರಿಕೊಂಡಿದ್ದಾರೆಂದು ಕೇಳಿದ್ದೆ. ಮಾಸ್ತರರು ರಾಯಬಾಗದ ಮಗನ ಮನೆಯಿಂದ ಬಸ್ಸಿನಲ್ಲಿ ಬಂದು, ವೇದಿಕೆಯ ತುದಿಯ ಕುರ್ಚಿಯಲ್ಲಿ ಕುಳಿತರು.

ಆದರೆ ಮೊದಲು ಮಾತಾಡಿದ್ದು ವಿಜ್ಞಾನದ ಸರ್. ಕೂದಲು ಬೆಳ್ಳಗಾಗಿದೆ, ಜೋಕು ಮಾತ್ರ ಹಾಗೇ ಇವೆ. ನಗಿಸಿ ನಗಿಸಿ ಕೊನೆಗೆ ಗಂಭೀರವಾದರು. “ಆವಾಗ ಹೆಣ್ಣಮಕ್ಕಳ್ನ ಸಾಲಿಗಿ ಕಳಸ್ತಿರಲಿಲ್ರಿ. ಈಗ ಮೈಕ್ ಹಿಡದ ನಿಂತಾಳಲ್ಲ, ಈಕಿನ್ನ ಮೂರು ತಿಂಗಳು ಕಬ್ಬಿನ ಹಾದಿಯೊಳಗ ಗಾಡಿ ದೂಡಿಕೋತ ಮನಿ ಮುಟ್ಟಿಸೇನಿ. ಬೇಕಾದ್ರ ಆಕಿನ್ನ ಕೇಳ್ರಿ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುವವರ ಮುಖ ಅದಲ್ಲ. ವರ್ಷ ವರ್ಷ ಹೇಳುತ್ತ ಬಂದು ಅವರಿಗೆ ಅದು ತಮ್ಮದೇ ನೆನಪಾಗಿತ್ತು. ಮೊದಲ ಸಾಲಿನಲ್ಲಿ ಕುಳಿತಿದ್ದ ನನ್ನ ಗೆಳತಿ, ಈಗ ನಿಪ್ಪಾಣಿಯ ಸೊಸೆ, ಅವಳೂ ಹೌದೆಂದು ತಲೆಯಾಡಿಸುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಡೀ ಸಭೆ ನನ್ನನ್ನು ನೋಡಿತು.

ಮೈಕ್ ನನ್ನ ಕೈಯಲ್ಲೇ ಇತ್ತು. “ಹೌದ್ರಿ ಸರ್” ಎಂದೆ. ಚಪ್ಪಾಳೆ ಬಿತ್ತು. ತುದಿಯ ಕುರ್ಚಿಯಲ್ಲಿ ಮಾಸ್ತರರೂ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಅವರ ಸರದಿ ಬಂದಾಗ, ‘ಕನ್ನಡ ನಾಡು ನುಡಿಯ ಸೇವಕರು’ ಎಂದು ಬಾಯಿಗೆ ಬಂದದ್ದು ಒದರಿ ಶಾಲು ಹೊದಿಸಿದೆ. ಪರ್ಸಿನ ಚೀಟಿ ತೆಗೆಯಲಿಲ್ಲ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಯಾವತ್ತೂ ಬಂದಿರಲಿಲ್ಲ.

ಊಟವಾದ ಮೇಲೆ ಅವರನ್ನು ಬಸ್ ಸ್ಟ್ಯಾಂಡಿಗೆ ಮುಟ್ಟಿಸಲು ನಾನೇ ಹೋದೆ. ರಾಯಬಾಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲಿನ ಕಟ್ಟೆಯ ಮೇಲೆ ಕುಳಿತೆವು. “ಸರ್ರ, ಇವತ್ತ ನಾ ಹೇಳಬೇಕಿತ್ರಿ. ಹೇಳಲಿಲ್ಲ. ತಪ್ಪಾತ್ರಿ” ಎಂದೆ. ಅಷ್ಟು ಹೇಳುವಷ್ಟರಲ್ಲಿ ಬಿಕ್ಕಿ ಅತ್ತೆ.

ಮಾಸ್ತರರು ಶಾಲನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಂಡರು. “ಮಂದಿ ಏನರ ತಿಳಕೊಳ್ಳಲಿ ತಂಗಿ. ಅದರದೇನ ಇಲ್ಲ ನನಗ” ಎಂದರು. ಚೀಲದ ಬಾಯಿ ಕಟ್ಟುತ್ತ ತಾವೇ ಮಾತು ಮುಂದುವರಿಸಿದರು. “ನಮ್ಮ ಮನಿಯಾಕಿ ತವರು ಚಿಕ್ಕೋಡಿ. ಅವತ್ತ ಭಾಷಣಕ್ಕ ನಾನ ಕರದಿದ್ನಿ. ನಾ ತಯಾರ ಮಾಡಿದ ಹುಡಗಿ, ದನಿ ಕೇಳ ಬಾ ಅಂತ. ನೀ ಏನ ಹೇಳತಿ ಅನ್ನೂದು ಗೊತ್ತಿತ್ತು, ಆದ್ರ ಆಕಿ ಅದನ್ನ ಹೆಂಗ ತಿಳಕೊಂತಾಳ ಅನ್ನೂದು ಲಕ್ಷ್ಯಕ್ಕ ಬರಲಿಲ್ಲ.”

ನನಗೆ ಇನ್ನೂ ತಿಳಿದಿರಲಿಲ್ಲ. ಅವರ ಮುಖ ನೋಡಿದೆ.

“ಬಸ್ಸಿನ್ಯಾಗ ಬರುಮುಂದ ಕೇಳಿದ್ಲು. ಆ ಹುಡಿಗ್ಯಾರ್ನ ಮುಟ್ಟಿಸಿದಾಂವ ಆ ಸರ್ ಆದ್ರ, ಮೂರು ತಿಂಗಳ ನೀವು ದಿನಾ ಕತ್ತಲಾಗೂತನಾ ಎಲ್ಲಿ ಹೋಗತಿದ್ರಿ ಅಂತ.”

“ನೀವು ಏನಂದ್ರಿ?”

“ಖರೇನ ಹೇಳಿದ್ನಿ, ಮುಟ್ಟಿಸಿದಾಂವ ನಾನ ಅಂತ. ಭಾಷಣ ನಾನ ತಿದ್ದಿದ್ದೂ ಹೇಳಿದ್ನಿ. ಅದನ್ನ ಕೇಳಿ ಮತ್ತಿಷ್ಟು ಸಂಶಯ ಬಂತು ಆಕಿಗಿ. ತಾ ಮಾಡಿದ್ದು ಇನ್ನೊಬ್ಬನ ಹೆಸರಿಗಿ ಯಾರರ ಬರದ ಕೊಡತಾರೇನು ಅಂದ್ಲು. ಜಗಳ ಆಡಲಿಲ್ಲ. ಸಾಯೂತನಾ ಮತ್ತ ಆ ಮಾತು ತಗೀಲಿಲ್ಲ. ಆದ್ರ ನಂಬಲಿಲ್ಲ.”

“ನನಗ ಒಂದ ಮಾತ ಹೇಳಿದ್ರ ನಾ ಬಂದು ಹೇಳತಿದ್ನೆಲ್ರಿ” ಎಂದೆ.

“ನೀ ಬಂದಿದ್ದಿ ಒಮ್ಮೆ, ಲಗ್ನಪತ್ರಿಕಿ ಕೊಡಾಕ. ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ ನಾ ಕುಂತಿದ್ನಿ. ನಾನ ಹೇಳಸಿದ್ರ ಕಲಿಸಿ ಹೇಳಿಸ್ಯಾನ ಅಂತಿದ್ಲು ಆಕಿ.” ಬಸ್ಸು ಬಂತು. ಕಂಡಕ್ಟರ್ ಕೂಗುತ್ತಿದ್ದ. ಮಾಸ್ತರರು ಎದ್ದು, ನನ್ನ ತಲೆ ಮುಟ್ಟಿ, ಮೆಟ್ಟಿಲು ಹತ್ತಿದರು.

ಬಸ್ಸು ಹೋದ ಮೇಲೆ, ಲಗ್ನಪತ್ರಿಕೆ ಕೊಡಲು ಹೋಗಿದ್ದ ಆ ದಿನ ನನಗೆ ನೆನಪಾಯಿತು. ಮಾಸ್ತರರ ಹೆಂಡತಿ ಚಹಾ ತಂದು ಕೊಟ್ಟು ನನ್ನ ಎದುರಿಗೇ ನಿಂತಿದ್ದರು. ಬಹಳ ಹೊತ್ತು ನನ್ನ ಮುಖ ನೋಡಿ, “ಚಿಕ್ಕೋಡ್ಯಾಗ ಆ ಭಾಷಣಾ ಮಾಡಿದಾಕಿ ನೀನ ಏನವ್ವಾ?” ಎಂದು ಕೇಳಿದ್ದರು. ಇಷ್ಟು ವರ್ಷವಾದರೂ ನೆನಪಿಟ್ಟಿದ್ದಾರಲ್ಲ ಎಂದು ನನಗೆ ಭಾರಿ ಖುಷಿಯಾಗಿತ್ತು. “ಹೌದ್ರಿ ಬಾಯಾರ, ನಾನ” ಎಂದಿದ್ದೆ. ಅವರು ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದರು.