ಕಳೆನಾಶಕ ಕುಡಿದ ಮಗಳು

ಅಲ್ಗಾಟ್ ಮಾತಿನಲ್ಲಿ ಜಿಪುಣ, ಹಠದಲ್ಲಿ ಧಾರಾಳ. ಸ್ವೀಡನ್ನಿನ ದಕ್ಷಿಣದ ಬಯಲಿನಲ್ಲಿ ಇಪ್ಪತ್ತು ವರ್ಷ ಸಕ್ಕರೆ ಬೀಟ್ ಬೆಳೆದವನು. ದನಕ್ಕೆ ಹೊಸ ಹಿಂಡಿ ತಂದರೂ ಮೊದಲು ತಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡುವ ಆಸಾಮಿ.

ಮಗಳು ಹೆಡ್ವಿಗ್‌ಗೆ ಹತ್ತು ತಿಂಗಳು. ಕುಡಿದ ಹಾಲಿನ ಒಂದು ಅಂಶ ಪೂರ್ತಿ ಕರಗದೆ, ನಡುದಾರಿಯಲ್ಲಿ ವಿಷವಾಗಿ ಅವಳ ಯಕೃತ್ತನ್ನು ತಿನ್ನುತ್ತಿತ್ತು. ಬದಲಿ ಯಕೃತ್ತಿಗೆ ಆಸ್ಪತ್ರೆಯ ಪಟ್ಟಿಯಲ್ಲಿ ಹೆಸರು ಬರೆಸಿ ಮೂರು ತಿಂಗಳಾಗಿತ್ತು; ಸಿಕ್ಕ ಕ್ಷಣ ಫೋನ್ ಬರಬೇಕಿತ್ತು. ಫೋನ್ ರಿಂಗಾದಾಗಲೆಲ್ಲ ಅವನು ಊಟ ಬಿಟ್ಟು ಓಡುತ್ತಿದ್ದ. ಅಷ್ಟರಲ್ಲಿ ಅವನ ಜೊತೆ ಶಾಲೆಗೆ ಹೋಗಿದ್ದ ಡಾಕ್ಟರ್ ಬ್ರಿಟಾ ಹೊಸ ಮದ್ದಿನ ಮಾತೆತ್ತಿದಳು. ಅದು ಹುಟ್ಟಿದ್ದು ಕಳೆನಾಶಕ ಹುಡುಕುವವರ ಕೈಯಲ್ಲಂತೆ!

"ನನ್ನ ಮಗೂಗೆ ಕಳೆನಾಶಕಾನಾ? ಅಂಥದ್ದು ಬಿದ್ರೆ ಕಳೆ ಬೆಳ್ಳಗಾಗಿ ಸಾಯುತ್ತೆ ಕಣೇ ಬ್ರಿಟಾ."

"ಯಾಕೆ ಸಾಯುತ್ತೆ ಗೊತ್ತಾ? ಕಳೆಯೊಳಗೆ ಒಂದು ಕಿಣ್ವ ಇದೆ, ಕೆಲಸಗಾರನ ಥರ. ಈ ಮದ್ದು ಹೋಗಿ ಅದಕ್ಕೆ ಅಂಟ್ಕೊಂಡು ಕೆಲ್ಸ ನಿಲ್ಲಿಸುತ್ತೆ. ಅದೇ ಕಿಣ್ವ ಹೆಡ್ವಿಗ್ ಒಳಗೂ ಇದೆ. ಕಾಲುವೆಯ ಕೆಳಗಿನ ತೂಬು ಕಟ್ಕೊಂಡು ಕೊಳಕು ನೀರು ಮನೆಗೆ ನುಗ್ಗಿದ್ರೆ ಏನ್ಮಾಡ್ತೀಯ?"

"ಮೇಲಿನ ತೂಬು ಮುಚ್ತೀನಿ."

"ಇದೂ ಅಷ್ಟೇ. ಆದ್ರೆ ಮೇಲೆ ನೀರು ನಿಲ್ಲುತ್ತಲ್ಲ, ಅದಕ್ಕೇ ಹಾಲು, ಮಾಂಸ ಎಲ್ಲಾ ಜೀವನ ಪೂರ್ತಿ ತೂಗಿ ಕೊಡ್ಬೇಕು."

ಆದರೂ ಅವನು ಒಪ್ಪಲಿಲ್ಲ. ಹೆಂಡತಿ ಗುನ್ವೊರ್‌ಗೆ ರೇಗಿತು. "ನಾಯಿ ಬಿಸ್ಕತ್ತೂ ತಿಂದು ನೋಡಿದ ಗಂಡಸು, ಇದಕ್ಕೆ ಹೆದರ್ತೀಯಾ?"

ಅಲ್ಗಾಟ್ ಒಂದು ಚಿಟಿಕೆ ಮದ್ದಿನ ಪುಡಿ ನಾಲಿಗೆಗೆ ಹಾಕಿಕೊಂಡ. ಬ್ರಿಟಾ ಬೈಯುತ್ತಲೇ ಇದ್ದಳು. ಮರುದಿನ ಬೆಳಿಗ್ಗೆ ಜೀವ ಇತ್ತು. ಮಗಳಿಗೆ ತಾನೇ ಕುಡಿಸಿದ.

ಒಂದೇ ತಿಂಗಳಲ್ಲಿ ಮೂತ್ರದಲ್ಲಿ ವಿಷದ ಸುಳಿವಿಲ್ಲ. ನಿಧಾನವಾಗಿ ಕಣ್ಣಿನ ಹಳದಿಯೂ ಇಳಿಯಿತು. ಅಲ್ಗಾಟ್ ಹೊಲದ ಬದುವಿನಲ್ಲಿ ಕುಕ್ಕರಿಸಿ ಒಂದು ಕಳೆ ಗಿಡವನ್ನು ಬಹಳ ಹೊತ್ತು ನೋಡಿದ. ತಾನು ಜೀವಮಾನವಿಡೀ ಕಿತ್ತೆಸೆದ ಈ ಕಳೆಯೊಳಗೂ ತನ್ನ ಕೂಸಿನೊಳಗೂ ಒಂದೇ ಕೆಲಸಗಾರ! ಒಂದನ್ನು ಕೊಲ್ಲುವ ತಡೆಯೇ ಇನ್ನೊಂದನ್ನು ಉಳಿಸುತ್ತದೆ! ಅವತ್ತು ಆ ಗಿಡ ಕೀಳಲು ಕೈ ಬರಲಿಲ್ಲ.

ಮದ್ದು ಶುರುವಾಗಿ ವರ್ಷ ತುಂಬಿದ ಮೇಲೆ ಬ್ರಿಟಾ ಫೋನ್ ಮಾಡಿದಳು. "ಪಟ್ಟಿಯಿಂದ ಹೆಡ್ವಿಗ್ ಹೆಸರು ತೆಗೀಲಾ?"

"ಅಂದ್ರೆ, ಇನ್ನು ಆ ಫೋನ್ ಬರೋದೇ ಇಲ್ವಾ?" ಎಂದ ಅಲ್ಗಾಟ್.

"ಯಾಕೋ, ಖುಷಿ ಇಲ್ವಾ?"

"ತೆಗಿ ಬ್ರಿಟಾ, ಈಗ್ಲೇ ತೆಗಿ," ಎಂದವನು ಗಳಗಳ ಅತ್ತುಬಿಟ್ಟ. "ಯಾರದೋ ಮಗು ಸಾಯ್ಲಿ ಅಂತ ದಿನಾ ಫೋನ್ ಕಾಯ್ತಿದ್ದೆ ಕಣೇ."